ಎರಡು ಅಂದರೆ ಎಷ್ಟು?

ಶನಿವಾರ ಬೆಳಿಗ್ಗೆ ಆ ಕಟ್ಟಡದಲ್ಲಿ ಯಾರೂ ಅಲಾರಂ ಇಟ್ಟು ಮಲಗುತ್ತಿರಲಿಲ್ಲ. ಮೂರನೇ ಮಹಡಿಯ ಬಾಗಿಲು ತೆಗೆದು, ಮೆಟ್ಟಿಲ ಕಂಬಿಗೆ ಹೊಟ್ಟೆ ಆನಿಸಿ ನಿಂತು ಕಂಡಕ್ಟರಮ್ಮ ಒಂದು ಸಲ ಕೂಗಿದರೆ ಸಾಕು, ಕೆಳಗಿನ ಮನೆಯ ಬೆಕ್ಕು ಕೂಡ ಎದ್ದು ಮೈಮುರಿಯುತ್ತಿತ್ತು.

"ಮಾರ್ಕೆಟ್! ಮಾರ್ಕೆಟ್! ಯಾರಿಗೇನು ಬೇಕು ಬೇಗ ಹೇಳಿ. ಆಮೇಲೆ ಓಡಿ ಬಂದು ಹತ್ತೋಕಾಗಲ್ಲ!"

ಒಂದೊಂದೇ ಬಾಗಿಲು ತೆರೆಯುತ್ತಿತ್ತು. ತೀರಾ ಕೆಳಗಿನಿಂದ ಒಂದು ಒಡಕು ಗಂಡುದನಿ, "ಮೀನು ಎರಡು, ಆಲೂಗಡ್ಡೆ ಎರಡು!" ಎನ್ನುತ್ತಿತ್ತು. ಮೊದಲನೇ ಮಹಡಿಯಿಂದ ಚೂಪಾದ ಹೆಣ್ಣುದನಿ, "ಟೊಮ್ಯಾಟೊ ಎರಡು, ಬೆಣ್ಣೆ ಅರ್ಧ. ಹೋದ ವಾರದ ಹಾಗೆ ಮೆತ್ತಗಿರೋ ಟೊಮ್ಯಾಟೊ ತಂದರೆ ವಾಪಸ್ ಮೇಲಕ್ಕೇ ಎಸೀತೀನಿ!" ಎರಡನೇ ಮಹಡಿಯವರು ಮಾತ್ರ ಬಾಗಿಲಿಂದ ಹೊರಗೆ ಬಂದು, ತಲೆ ಎತ್ತಿ, ಮೆಲ್ಲಗೆ ಹೇಳುತ್ತಿದ್ದರು: "ಈರುಳ್ಳಿ ಒಂದು, ದ್ರಾಕ್ಷಿ ಒಂದು. ತೊಂದರೆ ಇಲ್ಲ ಅಂದ್ರೆ."

ಕಂಡಕ್ಟರಮ್ಮ ಏನನ್ನೂ ಬರೆದುಕೊಳ್ಳುತ್ತಿರಲಿಲ್ಲ. ಮೈಯಲ್ಲಿ ಕಸುವಿದ್ದಷ್ಟು ಕಾಲವೂ ಸಿಟಿ ಬಸ್ಸಿನಲ್ಲಿ ನಿಂತೇ ದುಡಿದವರು. ಯಾರು ಎಲ್ಲಿ ಹತ್ತಿದರು, ಎಲ್ಲಿ ಇಳಿಯಬೇಕು, ಯಾರು ನಿದ್ದೆ ಹೋಗಿದ್ದಾರೆ, ಯಾರು ನಿದ್ದೆಯ ನಾಟಕ ಆಡುತ್ತಿದ್ದಾರೆ ಎಂಬುದೆಲ್ಲ ಮುಖ ನೋಡಿದರೇ ನೆನಪಿರುತ್ತಿತ್ತು. ಅಂಥವರಿಗೆ ಮೂರು ಮನೆಯ ಸಾಮಾನು ಯಾವ ಲೆಕ್ಕ? ಎರಡು ಚಕ್ರದ ತಳ್ಳುಚೀಲವನ್ನು ಎಳೆದುಕೊಂಡು ಮೆಟ್ಟಿಲಿಳಿದು ಹೋದರೆ, ಬಿಸಿಲೇರುವಷ್ಟರಲ್ಲಿ ಎಲ್ಲರ ಬಾಗಿಲಿಗೂ ಸಾಮಾನು ಬರುತ್ತಿತ್ತು. ಕೂಲಿ ಇಲ್ಲ, ಕಮಿಷನ್ ಇಲ್ಲ. "ನಮ್ಮ ಕಂಡಕ್ಟರಮ್ಮ ಇಲ್ಲದಿದ್ದರೆ ನಾವು ಉಪವಾಸ" ಎಂದು ಯಾರಾದರೂ ಅಂದರೆ ಅದೇ ಸಂಬಳ.

ಕಟ್ಟಡ ಹಳೆಯದು. ಲಿಫ್ಟ್ ಇರಲಿಲ್ಲ. ಕಂಡಕ್ಟರಮ್ಮನ ಒಬ್ಬನೇ ಮಗ ಲಿಫ್ಟ್ ಮೆಕ್ಯಾನಿಕ್. ಊರಿನವರನ್ನೆಲ್ಲ ಸಲೀಸಾಗಿ ಮೇಲೆ ಕೆಳಗೆ ಮಾಡಿಸುವ ಕೆಲಸ ಮುಗಿಸಿ, ಸಂಜೆ ತಾನು ಏದುಸಿರು ಬಿಡುತ್ತ ಮೂರು ಮಹಡಿ ಹತ್ತಿ ಬರುತ್ತಿದ್ದ. ಅವನನ್ನು ಕಂಡಾಗಲೆಲ್ಲ ಕೆಳಗಿನ ಮನೆಯವರು, "ಏನಪ್ಪಾ, ನಿನ್ನ ಲಿಫ್ಟು ಇವತ್ತೂ ರಜಾನಾ?" ಎಂದು ಕೇಳುವುದು, ಅವನು ನಗುವುದು ನಿತ್ಯದ ಸಂಗತಿ.

ಈಗ ಅಸಲು ಕಷ್ಟಕ್ಕೆ ಬರೋಣ. ಮೇಲೆ ಹೇಳಿದ ಎರಡು, ಅರ್ಧ, ಒಂದು ಎಲ್ಲ ಸರಿ. ಆದರೆ ಎರಡು ಏನು? ಅದನ್ನು ಆ ಕಟ್ಟಡದಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ.

ಆ ಊರಿನಲ್ಲಿ ಹಿಂದೆ ಎಲ್ಲವನ್ನೂ ಪೌಂಡಿನಲ್ಲಿ ತೂಗುತ್ತಿದ್ದರು. ಪೌಂಡು ಅಂದರೆ ಅರ್ಧ ಕಿಲೋಗಿಂತಲೂ ಒಂದು ಸಣ್ಣ ಹಿಡಿಯಷ್ಟು ಕಡಿಮೆ. ಆಮೇಲೆ ಸರ್ಕಾರ ಕಿಲೋ ತಂದಿತು. ಅಂಗಡಿಯ ಬೋರ್ಡುಗಳು ಬದಲಾದವು, ಮಕ್ಕಳ ಪುಸ್ತಕ ಬದಲಾಯಿತು, ದೊಡ್ಡವರ ನಾಲಿಗೆ ಮಾತ್ರ ಇದ್ದಲ್ಲೇ ಇತ್ತು. ಮಾರ್ಕೆಟ್ಟಿನ ವ್ಯಾಪಾರಿಗಳು ಯಾರ ಮನಸ್ಸನ್ನೂ ನೋಯಿಸುವುದು ಬೇಡವೆಂದು ಎರಡೂ ತಕ್ಕಡಿ ಇಟ್ಟುಕೊಂಡರು. ಎಡಗಡೆ ಮುಳ್ಳು ತಿರುಗುವ ಪೌಂಡಿನದು, ಬಲಗಡೆ ಅಂಕಿ ಮಿನುಗುವ ಕಿಲೋದು.

ಒಬ್ಬೊಬ್ಬರು ಒಂದೊಂದನ್ನು ಹಿಡಿದುಕೊಂಡಿದ್ದರೆ ಹೇಗೋ ನೆನಪಿಡಬಹುದಿತ್ತು. ಹಾಗಿರಲಿಲ್ಲ. ಕೆಳಗಿನ ಮನೆಯಲ್ಲಿ ಒಂಟಿಯಾಗಿದ್ದ ಮುದುಕರು ಕಟಿಂಗ್ ಅಂಗಡಿ ನಡೆಸಿ ಬಿಟ್ಟವರು. ಎಲ್ಲರೂ ಅವರನ್ನು ಕಟಿಂಗ್ ಮಾವ ಎನ್ನುತ್ತಿದ್ದರು. ಅವರ ಮೀನು ಎರಡು ಅಂದರೆ ಎರಡು ಪೌಂಡು, ಆಲೂಗಡ್ಡೆ ಎರಡು ಅಂದರೆ ಎರಡು ಕಿಲೋ. ಯಾಕೆ ಅಂದರೆ, ಮೀನು ಕೊಳ್ಳುವುದನ್ನು ಅವರು ಹುಡುಗನಾಗಿದ್ದಾಗ ಅಪ್ಪನ ಜೊತೆ ಹೋಗಿ ಕಲಿತದ್ದು. ತರಕಾರಿ ಹೆಂಡತಿಯ ಇಲಾಖೆ. ಆಕೆ ತೀರಿಕೊಂಡ ಮೇಲೆ ಮೊದಲ ಸಲ ಆಲೂಗಡ್ಡೆ ಕೊಳ್ಳಲು ಹೋದಾಗ ಕಿಲೋ ಬಂದಾಗಿತ್ತು. ಮೊದಲನೇ ಮಹಡಿಯ ಟೈಪಿಸ್ಟ್ ಅಕ್ಕ ಕೋರ್ಟಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಅವರದು ಎಲ್ಲವೂ ಪೌಂಡು, ಕಾಫಿಪುಡಿಯೊಂದು ಬಿಟ್ಟು. ಆಫೀಸಿನಲ್ಲಿ ಎಲ್ಲರೂ ಸೇರಿ ಕಾಫಿಪುಡಿ ತರಿಸುತ್ತಿದ್ದ ಕಾಲಕ್ಕೆ ಕಿಲೋ ಬಂದಿತ್ತು. ಎರಡನೇ ಮಹಡಿಯ ಗಡಿಯಾರ ರಿಪೇರಿಯವರು ಮತ್ತು ಅವರ ಹೆಂಡತಿ ಬೇರೆ ಊರಿನಿಂದ ಬಂದು ನೆಲೆಸಿದವರು, ಅಪ್ಪಟ ಕಿಲೋ ಜನ.

ಇಷ್ಟೂ ಕಂಡಕ್ಟರಮ್ಮನ ತಲೆಯೊಳಗಿತ್ತು. ಬೇರೆಲ್ಲೂ ಇರಲಿಲ್ಲ.

ಹೀಗಿರುವಾಗ ಅವರ ಬಲಗಣ್ಣಿಗೆ ಪೊರೆ ಬಂತು. ಆಪರೇಷನ್ ಆಯಿತು. ಕಣ್ಣಿನ ಮೇಲೆ ಪ್ಲಾಸ್ಟಿಕ್ಕಿನ ಮುಚ್ಚಳ ಅಂಟಿಸಿದ ಡಾಕ್ಟರು, "ಭಾರ ಎತ್ತಬಾರದು, ಬಗ್ಗಬಾರದು, ಧೂಳಿಗೆ ಹೋಗಬಾರದು. ನಾನು ಹೇಳೋ ತನಕ ಮನೆಯಲ್ಲೇ ಇರಿ" ಎಂದರು.

"ಶನಿವಾರ ಒಂದಿನ ಬಿಟ್ಟು ತಾನೇ ಡಾಕ್ಟ್ರೇ?" ಎಂದು ಕೇಳಿದರು ಕಂಡಕ್ಟರಮ್ಮ.

"ಶನಿವಾರ ಧೂಳಿರಲ್ವಾ?" ಎಂದರು ಡಾಕ್ಟರು.

ಮನೆಗೆ ಬಂದ ಮೇಲೆ ಮಗ ಸುಲಭವಾಗಿ ಪರಿಹಾರ ಹೇಳಿಬಿಟ್ಟ. "ಅಮ್ಮ, ಅದಕ್ಯಾಕೆ ಮುಖ ಊದಿಸ್ಕೋತೀಯ? ಇವಳು ಹೋಗಿ ತರ್ತಾಳೆ."

ಇವಳು ಅಂದರೆ ಸೊಸೆ. ಮದುವೆಯಾಗಿ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಔಷಧಿ ಅಂಗಡಿಯಲ್ಲಿ ಕೆಲಸ. ಮಾತು ಕಡಿಮೆ, ಕೈ ಚುರುಕು. ಅವಳು ಹುಟ್ಟಿ ಬೆಳೆದ ಕಡೆ ಪೌಂಡು ಅಂದರೆ ಏನೆಂದು ಯಾರಿಗೂ ಗೊತ್ತಿರಲಿಲ್ಲ. ಒಳ್ಳೆಯ ಹುಡುಗಿ ಎಂಬುದರಲ್ಲಿ ಕಂಡಕ್ಟರಮ್ಮನಿಗೆ ಅನುಮಾನವಿರಲಿಲ್ಲ. ಅನುಮಾನವಿಲ್ಲದ್ದೇ ತೊಂದರೆಯಾಗಿತ್ತು. ಏಕೆಂದರೆ ಈ ಹುಡುಗಿ ಹಿಡಿದ ಕೆಲಸವನ್ನು ಚೆನ್ನಾಗಿಯೇ ಮಾಡುತ್ತಿದ್ದಳು. ಮಾರ್ಕೆಟ್ಟನ್ನೂ ಚೆನ್ನಾಗಿಯೇ ಮಾಡಿಬಿಟ್ಟರೆ? ಈ ವಾರ, ಮುಂದಿನ ವಾರ, ಅದರ ಮುಂದಿನ ವಾರ ಅವಳೇ ಹೋದರೆ, ಕಣ್ಣು ವಾಸಿಯಾದ ಮೇಲೆ ಯಾರಾದರೂ "ನಿಮಗ್ಯಾಕೆ ಕಷ್ಟ, ಹುಡುಗಿ ಇದ್ದಾಳಲ್ಲ" ಎನ್ನದೆ ಇರುತ್ತಾರೆಯೇ? ಬಸ್ಸಿನ ಕೆಲಸ ಹೋದ ದಿನ ಕೈಯೇ ಖಾಲಿಯಾದ ಹಾಗಿತ್ತು. ಆ ಕೈಗೆ ಸಿಕ್ಕಿದ್ದು ಈ ತಳ್ಳುಚೀಲದ ಹಿಡಿ. ಅದೂ ಹೋದರೆ ಶನಿವಾರ ಎದ್ದು ಮಾಡುವುದೇನು?

ಶುಕ್ರವಾರ ಸಂಜೆ ಸೊಸೆ ಮನೆಮನೆಗೂ ಇಳಿದು ಹೋಗಿ, ಹೇಳಿದ್ದನ್ನೆಲ್ಲ ಮೊಬೈಲಿನಲ್ಲಿ ಬರೆದುಕೊಂಡು ಬಂದಳು. ಅತ್ತೆಯ ಮಂಚದ ಅಂಚಿನಲ್ಲಿ ಕೂತು ಓದಿದಳು.

"ಮಾವನಿಗೆ ಮೀನು ಎರಡು, ಆಲೂಗಡ್ಡೆ ಎರಡು. ಟೈಪಿಸ್ಟ್ ಅಕ್ಕನಿಗೆ ಟೊಮ್ಯಾಟೊ ಎರಡು, ಬೆಣ್ಣೆ ಅರ್ಧ, ದ್ರಾಕ್ಷಿ ಒಂದು, ಕಾಫಿಪುಡಿ ಕಾಲು. ಗಡಿಯಾರದವರಿಗೆ ಈರುಳ್ಳಿ ಒಂದು, ಸೇಬು ಒಂದು. ಎಲ್ಲಾ ಸರಿ ಇದೆ ಅಲ್ವಾ ಅತ್ತೆ?"

ಕಂಡಕ್ಟರಮ್ಮ ಬಾಯಿ ತೆರೆದರು. "ಎರಡು ಅಂದ್ರೆ..." ಎಂಬುದು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಒಳಗಿನಿಂದ ಇನ್ನೊಂದು ಬುದ್ಧಿ, ಟಿಕೆಟ್ ಇಲ್ಲದೆ ಹತ್ತಿದವರ ಹಾಗೆ ನುಸುಳಿ ಬಂದು ಸೀಟು ಹಿಡಿಯಿತು. ಒಂದು ಸಲ ಎಡವಲಿ. ಬೀಳುವುದು ಬೇಡ, ಎಡವಿದರೆ ಸಾಕು. ಆಗ ಎಲ್ಲರಿಗೂ ಕಂಡಕ್ಟರಮ್ಮನ ಬೆಲೆ ಗೊತ್ತಾಗುತ್ತದೆ.

ತೆರೆದ ಬಾಯಿಯಲ್ಲಿ ಒಂದು ಆಕಳಿಕೆ ತೆಗೆದು, "ಹ್ಞೂಂ" ಎಂದರು.

ಶನಿವಾರ ಬೆಳಿಗ್ಗೆ ಸೊಸೆ ಹೋದಳು. ಮಗನಿಗೆ ಎಲ್ಲೋ ನಡುವೆ ನಿಂತುಹೋದ ಲಿಫ್ಟಿನಿಂದ ಕರೆ ಬಂದಿತ್ತು, ಅವನೂ ಹೋದ. ಕಂಡಕ್ಟರಮ್ಮ ಮಂಚದ ಮೇಲೆ ದಿಂಬಿಗೊರಗಿ, ಒಂದು ಕಣ್ಣಿನಿಂದ ಸೂರು ನೋಡುತ್ತ ಕಿವಿಯಲ್ಲಿ ಮೆಟ್ಟಿಲು ಕಾಯುತ್ತ ಇದ್ದರು. ಬಸ್ಸಿನ ಇಂಜಿನ್ನಿನ ಸದ್ದಿನಲ್ಲೇ ಜನ ಎಷ್ಟು ತುಂಬಿದ್ದಾರೆ ಎಂದು ಹೇಳುತ್ತಿದ್ದ ಕಿವಿ ಅದು.

ತಳ್ಳುಚೀಲ ಬಂತು. ಮೊದಲ ಮೆಟ್ಟಿಲಿಗೇ ಧಡ್ ಎಂದಿತು. ಕಂಡಕ್ಟರಮ್ಮನ ಹುಬ್ಬು ಮೇಲೇರಿತು. ತಾವು ತರುವಾಗ ಅದು ಟಕ್ ಟಕ್ ಎಂದು ಹತ್ತುತ್ತಿತ್ತು. ಇದು ಬೀರು ಎಳೆದ ಹಾಗಿದೆ.

ಕೆಳಗೆ ಬಾಗಿಲು ತೆರೆಯಿತು. "ಅಯ್ಯಯ್ಯೋ ತಾಯಿ! ಇದೇನು, ಸಮುದ್ರಾನೇ ಹಿಡ್ಕೊಂಡು ಬಂದ್ಯಾ?" ಕಟಿಂಗ್ ಮಾವನ ದನಿ. ಮಂಚದ ಮೇಲೆ ಕಂಡಕ್ಟರಮ್ಮ ದಿಂಬನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

ಮತ್ತೆ ಧಡ್, ಧಡ್, ಧಡ್. ನಡುವೆ ನಿಂತು ಸುಧಾರಿಸಿಕೊಳ್ಳುವ ಸದ್ದು. ಮೊದಲನೇ ಮಹಡಿ. "ಇಷ್ಟು ಬೆಣ್ಣೇನಾ? ನಾನೇನು ಹೋಟೆಲ್ ಇಟ್ಟಿದ್ದೀನಾ ಹುಡುಗಿ? ಈ ಟೊಮ್ಯಾಟೊ ನೋಡು, ನಾನು ಇವನ್ನ ತಿಂದು ಮುಗಿಸೋದಲ್ಲ, ಇವೇ ನನ್ನನ್ನ ಮುಗಿಸ್ತಾವೆ!" ಸೊಸೆ ಏನೋ ತಗ್ಗಿದ ದನಿಯಲ್ಲಿ ಹೇಳಿದಳು. ಕೇಳಿಸಲಿಲ್ಲ. ಎರಡನೇ ಮಹಡಿಯಲ್ಲಿ ಮಾತ್ರ, "ಸರಿಯಾಗಿದೆ, ಸರಿಯಾಗಿದೆ, ಥ್ಯಾಂಕ್ಸಮ್ಮ" ಎಂಬ ದನಿ.

ಕೊನೆಗೆ ತಮ್ಮ ಮನೆಯ ಬಾಗಿಲು. ಹುಡುಗಿ ಒಳಗೆ ಬಂದು, ಚೀಲವನ್ನು ಗೋಡೆಗೆ ಒರಗಿಸಿ, ನಲ್ಲಿಯ ಕೆಳಗೆ ಎರಡೂ ಕೈ ಹಿಡಿದು ನಿಂತಳು. ಕಂಡಕ್ಟರಮ್ಮನಿಗೆ ಒಂದೇ ಕಣ್ಣು ಕಾಣುತ್ತಿದ್ದರೂ ಕಾಣಬೇಕಾದ್ದು ಕಂಡಿತು. ಎರಡೂ ಅಂಗೈಗೆ ಅಡ್ಡಲಾಗಿ ಚೀಲದ ಹಿಡಿ ಒತ್ತಿದ ಕೆಂಪು ಬರೆ.

ಬಾಯಿಯಲ್ಲಿದ್ದ ನಗು ಅಲ್ಲೇ ಆರಿತು. ಎಡವಲಿ ಎಂದುಕೊಂಡಾಗ, ಎಡವುವವಳು ಅಷ್ಟೂ ಭಾರ ಹೊತ್ತು ಮೆಟ್ಟಿಲು ಹತ್ತಬೇಕಾಗುತ್ತದೆ ಎಂಬುದು ಹೊಳೆದೇ ಇರಲಿಲ್ಲ.

"ಸುಸ್ತಾಯ್ತೇನೇ?" ಎಂದರು.

"ಇಲ್ಲ ಅತ್ತೆ. ಸ್ವಲ್ಪ ಹೆಚ್ಚಾಯ್ತು ಸಾಮಾನು," ಎಂದಳು ಸೊಸೆ. ಅಷ್ಟೇ. ಅವರಿಗೆ ಕುಡಿಯಲು ನೀರು ತಂದುಕೊಟ್ಟು ಕೆಲಸಕ್ಕೆ ಹೋದಳು.

ಕಂಡಕ್ಟರಮ್ಮ ದೂರಿಗಾಗಿ ಕಾದರು. ಈಗ ಯಾರಾದರೂ ಹತ್ತಿ ಬರುತ್ತಾರೆ. ಬಂದು, "ನೀವಿಲ್ಲದೆ ಎಲ್ಲಾ ಎಡವಟ್ಟಾಯ್ತು ಕಂಡಕ್ಟರಮ್ಮ, ಬೇಗ ವಾಸಿ ಮಾಡ್ಕೊಳ್ಳಿ" ಎನ್ನುತ್ತಾರೆ. ಮಧ್ಯಾಹ್ನವಾಯಿತು. ದೂರು ಬರಲಿಲ್ಲ. ಅದರ ಬದಲು ಮೆಟ್ಟಿಲು ಹಿಡಿದು ಮೀನು ಹುರಿಯುವ ವಾಸನೆ ಹತ್ತಿ ಬಂತು.

ಊಟದ ಹೊತ್ತು ಕಳೆದ ಮೇಲೆ ಕಟಿಂಗ್ ಮಾವ, ತಟ್ಟೆ ಹಿಡಿದುಕೊಂಡು, ಕಂಬಿ ಹಿಡಿದುಕೊಂಡು, ಪ್ರತಿ ಮಹಡಿಯಲ್ಲೂ ನಿಂತು ಬೈದುಕೊಂಡು ಬಂದರು. "ತಗೊಳ್ಳಿ. ನನ್ನ ಫ್ರಿಜ್ಜಿನಲ್ಲಿ ಇಷ್ಟು ಮೀನಿಗೆ ಜಾಗ ಇಲ್ಲ. ಬೆಕ್ಕು ಕೂಡ ಎರಡು ತುಂಡಾದ ಮೇಲೆ ಮುಖ ತಿರುಗಿಸ್ತು. ಎಲ್ಲಾ ಹುರಿದುಬಿಟ್ಟೆ."

"ಯಾರಿಗೆ ಕೊಟ್ರಿ ಉಳಿದಿದ್ದು?"

"ಅದೇ ತಮಾಷೆ. ಮೊದಲನೇ ಮಹಡಿ ಬಾಗಿಲು ತಟ್ಟಿದೆ."

ಕಂಡಕ್ಟರಮ್ಮ ಎದ್ದು ಕೂತರು. ಕಟಿಂಗ್ ಮಾವನಿಗೂ ಟೈಪಿಸ್ಟ್ ಅಕ್ಕನಿಗೂ ಮಾತು ಬಿಟ್ಟು ಹೋಗಿ ಎಷ್ಟೋ ಕಾಲವಾಗಿತ್ತು. ಮೆಟ್ಟಿಲಿನ ಬಲ್ಬು ಯಾರ ಮೀಟರಿನಿಂದ ಉರಿಯಬೇಕು ಎಂಬ ಜಗಳ. ಬಲ್ಬು ಸುಟ್ಟು ಹೋದರೂ ಜಗಳ ಉರಿಯುತ್ತಲೇ ಇತ್ತು.

"ಅವರು ಬಾಗಿಲು ತೆಗೆದ್ರಾ?"

"ತೆಗೆದು, ‘ಏನು?’ ಅಂದ್ರು. ನಾನು, ‘ಮೀನು’ ಅಂದೆ. ಅವರು, ‘ನನ್ನ ಹತ್ರ ಟೊಮ್ಯಾಟೊ ಕೊಳೀತಾ ಇದೆ’ ಅಂದ್ರು. ಸರಿ ಇಬ್ಬರದೂ ಒಂದೇ ಗತಿ ಅಂತ, ಅವರು ಟೊಮ್ಯಾಟೊ ಬೆಣ್ಣೆ ಹಾಕಿ ಏನೋ ಗೊಜ್ಜಿನ ಹಾಗೆ ಮಾಡ್ಕೊಂಡು ಇಳಿದು ಬಂದ್ರು. ಕೂತು ಊಟ ಮಾಡಿದ್ವಿ."

"ಜಗಳ ಆಡ್ಲಿಲ್ವಾ?"

"ಆಡದೆ ಇರ್ತೀವಾ? ಊಟ ಪೂರ್ತಿ ಜಗಳಾನೇ. ಎದುರುಬದುರು ಕೂತು ಆಡೋ ಸುಖಾನೇ ಬೇರೆ ಕಣಮ್ಮ." ಮಾವ ಮೀಸೆ ಒರೆಸಿಕೊಂಡರು. "ನಿಮ್ಮ ಸೊಸೆ ಕೈ ದೊಡ್ಡದು. ಆಮೇಲೆ ಕೆಲಸಕ್ಕೆ ಹೊರಟಾಗ ಹೆಚ್ಚಿಗೆ ತಂದಿದ್ದಕ್ಕೆ ದುಡ್ಡು ಕೊಡೋಕೆ ಹೋದ್ರೆ ತಗೊಳ್ಳಲೇ ಇಲ್ಲ. ತಪ್ಪು ನಂದು ಮಾವ, ಯಾವ ತೂಕ ಅಂತ ನಾನು ಕೇಳಬೇಕಿತ್ತು ಅಂದ್ಲು. ಅಂಥ ಹುಡುಗೀನ ಎಲ್ಲಿ ಹುಡುಕಿದ್ರಿ?"

ತಟ್ಟೆ ಇಟ್ಟು ಮಾವ ಇಳಿದು ಹೋದರು. ಮೀನು ಚೆನ್ನಾಗಿ ಹುರಿದಿತ್ತು. ಕಂಡಕ್ಟರಮ್ಮ ಒಂದು ತುಂಡನ್ನೂ ಮುರಿಯದೆ, ತಟ್ಟೆ ಮುಚ್ಚಿ ಸೊಸೆಗೆಂದು ಎತ್ತಿಟ್ಟರು.

ಭಾನುವಾರ ಬೆಳಿಗ್ಗೆ ಕಣ್ಣಿಗೆ ಔಷಧಿ ಹಾಕುವ ಹೊತ್ತು. ಆ ಕೆಲಸ ಸೊಸೆಯದು. ಅತ್ತೆಯನ್ನು ಕಿಟಕಿಯ ಬೆಳಕಿಗೆ ಕುರ್ಚಿಯಲ್ಲಿ ಕೂರಿಸಿ, ತಲೆಯನ್ನು ಹಿಂದಕ್ಕೆ ಆನಿಸಿ, ಎಡಗೈಯಲ್ಲಿ ರೆಪ್ಪೆ ಅಗಲಿಸಿ ಹಿಡಿದಳು. ಆ ಭಂಗಿಯಲ್ಲಿ ಮನುಷ್ಯ ಎಲ್ಲಿಗೂ ಓಡಲಾರ, ಮುಖವನ್ನು ತಿರುಗಿಸಲಾರ. ಮೇಲಿಂದ ಸೊಸೆಯ ಮುಖವೊಂದೇ, ದೊಡ್ಡದಾಗಿ, ಶಾಂತವಾಗಿ ಬಾಗಿತ್ತು. ಹಣೆಯ ಮೇಲಿದ್ದ ಅಂಗೈಯಲ್ಲಿ ಬರೆ ಇನ್ನೂ ಹೋಗಿರಲಿಲ್ಲ, ತಗುಲಿದರೆ ಗೊತ್ತಾಗುತ್ತಿತ್ತು.

"ಅಲ್ಲಾಡಬೇಡಿ ಅತ್ತೆ."

"ನಂಗೆ ಗೊತ್ತಿತ್ತು ಕಣೇ," ಎಂದುಬಿಟ್ಟರು ಕಂಡಕ್ಟರಮ್ಮ.

"ಏನು?"

"ಮೀನು ಪೌಂಡಿನಲ್ಲಿ ಅಂತ. ಟೊಮ್ಯಾಟೊ, ಬೆಣ್ಣೆ, ಎಲ್ಲಾ. ಶುಕ್ರವಾರ ನೀನು ಓದಿ ಹೇಳಿದಾಗಲೇ ಗೊತ್ತಿತ್ತು. ಬೇಕು ಅಂತಾನೇ ಬಾಯಿ ಮುಚ್ಕೊಂಡೆ."

ಸೊಸೆಯ ಮುಖದಲ್ಲಿ ಒಂದು ಗೆರೆಯೂ ಬದಲಾಗಲಿಲ್ಲ. "ನಂಗೂ ಗೊತ್ತಿತ್ತು," ಎಂದಳು.

"ನಿಂಗೇನು ಗೊತ್ತಿತ್ತು?"

"ನಿಮಗೆ ಏನೋ ಗೊತ್ತಿದೆ, ಹೇಳ್ತಾ ಇಲ್ಲ ಅಂತ. ಮದುವೆಯಾಗಿ ಬಂದಾಗಿಂದ ನಾನು ಒಂದು ಲೋಟ ನೀರು ಕಾಯಿಸಿದ್ರೂ ನೀವು ಪಕ್ಕದಲ್ಲಿ ನಿಂತು, ಉರಿ ಜಾಸ್ತಿ, ಪಾತ್ರೆ ಸಣ್ಣದು, ಮುಚ್ಚಳ ಎಲ್ಲಿ ಅಂತ ಮೂರು ಮಾತು ಹೇಳ್ತೀರಿ. ಮೂರು ಮನೆ ಸಾಮಾನು ತರೋಕೆ ಹೊರಟರೆ ಬರೀ ಹ್ಞೂಂ ಅಂದ್ರಿ. ಅವತ್ತೇ ಅಂದ್ಕೊಂಡೆ, ಇವರು ಹುಷಾರಿಲ್ಲದೆ ಹೀಗಿದ್ದಾರೋ, ಇಲ್ಲ ಏನೋ ಇದೆಯೋ ಅಂತ. ಏನು ಅಂತ ಮಾತ್ರ ಹೊಳೀಲಿಲ್ಲ. ಟೈಪಿಸ್ಟ್ ಅಕ್ಕ ಬೆಣ್ಣೆ ನೋಡಿ ಕಿರುಚಿದಾಗ ಹೊಳೀತು."

ಕಂಡಕ್ಟರಮ್ಮನಿಗೆ ಮೊದಲು ಅಳು ಬಂದ ಹಾಗಾಯಿತು. ಆದರೆ ಹೊಟ್ಟೆಯಿಂದ ಎದ್ದು ಬಂದದ್ದು ನಗು. ಕುರ್ಚಿ ಅಲ್ಲಾಡಿತು, ಔಷಧಿಯ ಹನಿ ಕಣ್ಣು ತಪ್ಪಿ ಕೆನ್ನೆಗೆ ಬಿತ್ತು. "ಅಲ್ಲಾಡಬೇಡಿ ಅಂದ್ನಲ್ಲ!" ಎನ್ನುತ್ತ ಸೊಸೆಯೂ ನಕ್ಕಳು. ಅವಳು ಹಲ್ಲು ಕಾಣುವಂತೆ ನಕ್ಕದ್ದನ್ನು ಅತ್ತೆ ನೋಡಿದ್ದು ಅದೇ ಮೊದಲು, ಅದೂ ತಲೆಕೆಳಗಾಗಿ.

"ಕೋಪ ಇಲ್ವೇನೇ?"

"ಇತ್ತು. ನಿನ್ನೆ ಮೆಟ್ಟಿಲು ಹತ್ತುವಾಗ ಬಹಳ ಇತ್ತು. ಎರಡನೇ ಮಹಡಿ ಹತ್ರ ನಿಮ್ಮನ್ನ ಒಂದು ಮಾತು ಬೈದೂಬಿಟ್ಟೆ, ಮನಸ್ಸಲ್ಲೇ."

"ಏನಂತ?"

"ಅದನ್ನ ಹೇಳಲ್ಲ." ರೆಪ್ಪೆಯನ್ನು ಮತ್ತೆ ಅಗಲಿಸಿ, ಈ ಸಲ ಹನಿಯನ್ನು ಸರಿಯಾಗಿ ಬಿಟ್ಟು, ಮುಚ್ಚಳ ಅಂಟಿಸಿದಳು. "ಅತ್ತೆ, ನಿಮ್ಮ ಶನಿವಾರ ನನಗೆ ಬೇಡ. ನಂಗೆ ವಾರಕ್ಕೊಂದೇ ದಿನ ಸ್ವಲ್ಪ ತಡವಾಗಿ ಎದ್ದೇಳೋಕೆ ಆಗೋದು. ಆದ್ರೆ ನೀವು ಇನ್ನೂ ಭಾರ ಎತ್ತೋ ಹಾಗಿಲ್ಲ. ಅಲ್ಲಿ ತನಕ ಸರಿಯಾಗಿ ಮಾಡೋದು ಹೇಗೆ ಅಂತ ಹೇಳಿಕೊಡಿ."

ಆ ವಾರ ಪೂರ್ತಿ ಪಾಠ ನಡೆಯಿತು. ಅನ್ನಕ್ಕಿಟ್ಟು ಕೂತಾಗ, ಬಟ್ಟೆ ಮಡಚುವಾಗ, ಸೊಸೆ ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುವಾಗಲೂ. ಯಾರು ಯಾವ ಸಾಮಾನು ಕೊಳ್ಳುವುದನ್ನು ಯಾವಾಗ ಕಲಿತರು ಎಂಬುದು ಗೊತ್ತಾದರೆ ಅವರ ತೂಕ ತಾನಾಗಿಯೇ ಗೊತ್ತಾಗುತ್ತದೆ ಎಂದು ಅತ್ತೆ ಹೇಳಿದ್ದನ್ನು ಹುಡುಗಿ ಚೆನ್ನಾಗಿ ಹಿಡಿದುಕೊಂಡಳು.

"ಎಲ್ಲರಿಗೂ ಕಿಲೋನೇ ಹೇಳಿ ಅಂತ ಒಂದು ಸಲ ಹೇಳಿಬಿಟ್ರೆ ಮುಗೀತಲ್ವಾ ಅತ್ತೆ?" ಎಂದು ಒಂದು ದಿನ ಕೇಳಿದಳು.

"ಹೇಳಬಹುದು. ಟೈಪಿಸ್ಟ್ ಅಕ್ಕ ಎರಡು ಪೌಂಡ್ ಟೊಮ್ಯಾಟೊ ಹಾಕಿದ್ರೆ ಅವರ ಬಾಣಲೆ ಸರಿಯಾಗಿ ಅಂಚಿನ ತನಕ ಬರುತ್ತೆ. ಅವರು ಅಳೆಯೋದು ಬಾಣಲೆಯಲ್ಲಿ. ಒಂಬೈನೂರು ಗ್ರಾಂ ಅಂತ ಕೇಳಿ ಅಂದ್ರೆ, ಆ ಬಾಯಿಗೆ ಯಾರು ಸಿಕ್ಕಿಕೊಳ್ತಾರೆ? ನೀನಾ?"

"ಬೇಡ ಬೇಡ," ಎಂದಳು ಸೊಸೆ.

ಮುಂದಿನ ಶನಿವಾರದ ಹೊತ್ತಿಗೆ ಡಾಕ್ಟರು ಮುಚ್ಚಳ ತೆಗೆಸಿ ಕಪ್ಪು ಕನ್ನಡಕ ಕೊಟ್ಟಿದ್ದರು. ಕನ್ನಡಕ ಹಾಕಿಕೊಂಡು ನಡೆಯಬಹುದು, ಧೂಳೂ ಅದರ ಆಚೆಗೇ ಇರುತ್ತದೆ, ಆದರೆ ಕೈಯಲ್ಲಿ ಏನನ್ನೂ ಹಿಡಿಯಬಾರದು. ಕಂಡಕ್ಟರಮ್ಮ ಜೊತೆಗೆ ಹೊರಟರು. ಹೊರಡುವ ಮುಂಚೆ ಬಾಗಿಲಲ್ಲೇ ಒಪ್ಪಂದವಾಯಿತು. ಹೊಸ ಕಂಡಕ್ಟರನ್ನು ತಯಾರು ಮಾಡುವಾಗ ಹಳಬರು ಬಸ್ಸಿನ ಹಿಂದೆ ನಿಂತು ಸುಮ್ಮನೆ ನೋಡಬೇಕು, ಬಾಯಿ ಹಾಕಬಾರದು. ಇಲ್ಲೂ ಅದೇ ಕಾನೂನು.

"ಚೆಕಿಂಗ್ ಇನ್ಸ್‌ಪೆಕ್ಟರ್ ಅಂದ್ರೆ ಕಾಲು ನಡುಗೋದು ನಂಗೆ. ಈಗ ನಾನೇ ಆದೆ ನೋಡು," ಎಂದು ಕಂಡಕ್ಟರಮ್ಮ ಕಪ್ಪು ಕನ್ನಡಕವನ್ನು ಸರಿಪಡಿಸಿಕೊಂಡರು.

"ನೀನು ಸುಮ್ಮನಿರೋದನ್ನ ನಾನು ನೋಡಬೇಕು," ಎಂದ ಮಗ, ತಳ್ಳುಚೀಲದ ಸೊಟ್ಟಗಾದ ಚಕ್ರವನ್ನು ಬಡಿದು ನೇರ ಮಾಡಿಕೊಡುತ್ತ.

ಮಾರ್ಕೆಟ್ಟು ಎರಡು ಬೀದಿ ಆಚೆ. ಮೀನಿನವಳ ಮುಂದೆ ಕಂಡಕ್ಟರಮ್ಮ ಎರಡು ಹೆಜ್ಜೆ ಹಿಂದೆ ನಿಂತರು. ಮೀನಿನವಳು ಅವರನ್ನು ನೋಡಿ, "ಏನಮ್ಮಾ, ಸಿನಿಮಾದವರ ಹಾಗಿದ್ದೀರ! ಎರಡು ತಾನೇ?" ಎಂದಳು. ಉತ್ತರ ಗಂಟಲಿಗೆ ಬಂತು. ನುಂಗಿಕೊಂಡು ಸೊಸೆಯ ಕಡೆ ಗಲ್ಲ ತೋರಿಸಿದರು.

"ಎರಡು ಪೌಂಡು," ಎಂದಳು ಸೊಸೆ.

ಸರಿ. ಬೆಣ್ಣೆಯ ಅಂಗಡಿಯಲ್ಲಿ, "ಅರ್ಧ ಪೌಂಡು." ಸರಿ. ಅವಳು ತೂಗುವಾಗ ಮುಳ್ಳು ನಿಲ್ಲುವ ತನಕ ಕಾಯುವುದನ್ನೂ ಕಲಿತಿದ್ದಳು. ಕಂಡಕ್ಟರಮ್ಮನಿಗೆ ಹೆಮ್ಮೆಯೂ ಆಯಿತು, ಕೈ ತುರಿಸಿತೂ ಕೂಡ. ತುರಿಸುವ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡರು.

ತರಕಾರಿಯವನ ಹತ್ತಿರ ಬಂದಾಗ ಸೊಸೆ, "ಟೊಮ್ಯಾಟೊ ಎರಡು ಕಿಲೋ," ಎಂದಳು.

"ಪೌಂಡು!" ಕಂಡಕ್ಟರಮ್ಮನ ದನಿಗೆ ಪಕ್ಕದ ಅಂಗಡಿಯ ಪಾರಿವಾಳಗಳು ಹಾರಿದವು. "ಟೈಪಿಸ್ಟ್ ಅಕ್ಕಂದು ಅದು! ಎಷ್ಟು ಸಲ ಹೇಳಿದೆ? ತೂಗಬೇಡಪ್ಪಾ, ತಡೆ!"

ತರಕಾರಿಯವನ ಕೈ ಎರಡು ತಕ್ಕಡಿಗಳ ನಡುವೆ ನಿಂತಿತು.

"ಅತ್ತೆ, ಬಾಯಿ ಹಾಕೋ ಹಾಗಿಲ್ಲ ಅಂತ ಒಪ್ಪಿದ್ವಿ."

"ತಪ್ಪು ಮಾಡಿದ್ರೂ ಸುಮ್ಮನಿರ್ಬೇಕಾ?"

"ತಪ್ಪಲ್ಲ. ನಿನ್ನೆ ಸಂಜೆ ಕೇಳೋಕೆ ಹೋದಾಗ ಅಕ್ಕಾನೇ ಹೇಳಿದ್ದು. ಇನ್ನು ಮೇಲೆ ಶನಿವಾರ ಮಧ್ಯಾಹ್ನ ಮಾವನ ಜೊತೆ ಊಟ. ಒಬ್ಬರಿಗೆ ಎರಡು ಪೌಂಡು, ಇಬ್ಬರಿಗೆ ಎರಡು ಕಿಲೋ, ಅದು ಸರಿಯಾಗಿ ಮಾವನ ದೊಡ್ಡ ಬಾಣಲೆಗೆ ಬರುತ್ತಂತೆ. ಹೋದ ವಾರ ನೋಡಿಟ್ಕೊಂಡಿದ್ದಾರೆ. ಬಲ್ಬಿನ ಜಗಳ ಇನ್ನೂ ಮುಗಿದಿಲ್ಲವಂತೆ, ಅದಕ್ಕೆ ವಾರವಾರ ಕೂರಬೇಕು ಅಂದ್ರು."

ಕಂಡಕ್ಟರಮ್ಮ ಕಪ್ಪು ಕನ್ನಡಕದ ಹಿಂದೆ ಕಣ್ಣು ಮಿಟುಕಿಸಿದರು. ತಮ್ಮ ತಲೆಯಲ್ಲಿ ಇಷ್ಟು ವರ್ಷ ಕದಲದೆ ಇದ್ದದ್ದು, ತಾವು ಮಲಗಿದ್ದ ಒಂದೇ ವಾರದಲ್ಲಿ ಬದಲಾಗಿತ್ತು. ಬಸ್ ಸ್ಟಾಪನ್ನು ಮುಂದಿನ ತಿರುವಿಗೆ ಸರಿಸಿದ ಹಾಗೆ. ಮತ್ತು ಅದು ತಮಗಿಂತ ಮೊದಲು ಈ ಹುಡುಗಿಗೆ ಗೊತ್ತಾಗಿತ್ತು. ಟೈಪಿಸ್ಟ್ ಅಕ್ಕ ಯಾರಿಗೂ ಒಳಗಿನ ಮಾತು ಹೇಳುವವರಲ್ಲ. ಇವಳಿಗೆ ಹೇಳಿದ್ದರು.

ಎದೆಯಲ್ಲಿ ಏನೋ ಒಂದು ಚುಚ್ಚಿತು. ಚುಚ್ಚಿ, ಅಷ್ಟೇನೂ ನೋಯಲಿಲ್ಲ.

"ಏನ್ ಮಾಡ್ಲಮ್ಮಾ?" ತರಕಾರಿಯವನು ಇಬ್ಬರನ್ನೂ ನೋಡಿದ. "ಪೌಂಡೋ ಕಿಲೋನೋ? ನನ್ನ ಕೈ ನೋಯ್ತಾ ಇದೆ."

"ಅವಳು ಹೇಳಿದ ಹಾಗೆ ತೂಗು," ಎಂದರು ಕಂಡಕ್ಟರಮ್ಮ.

ಅವನು ಬಲಗಡೆಯ ತಕ್ಕಡಿಗೆ ಟೊಮ್ಯಾಟೊ ಸುರಿದ. ಅಂಕಿಗಳು ಓಡಿ ನಿಂತವು. ಸೊಸೆ ನೋಡಿ ತಲೆಯಾಡಿಸಿ ದುಡ್ಡು ಕೊಟ್ಟಳು, ಚೀಲದ ಬಾಯಿ ಹಿಡಿದು ತುಂಬಿಸಿಕೊಂಡಳು, ಕಟ್ಟಿದಳು. ಅಷ್ಟಾದ ಮೇಲೆ ಕಂಡಕ್ಟರಮ್ಮನಿಗೆ ತಡೆಯಲಾಗಲಿಲ್ಲ.

"ಏನೇ ಇದು, ಹಾಗೇ ಹೊರಟುಬಿಟ್ಟೆ? ಕೊಸರು ಕೇಳಲ್ವಾ?"

"ಕೊಸರಾ? ತೂಕ ಸರಿಯಾಗಿತ್ತಲ್ಲ ಅತ್ತೆ?"

"ತೂಕ ಸರಿಯಾದ ಮೇಲೇ ಕೊಸರು ಕೇಳೋದು. ಕಡಿಮೆ ಇದ್ರೆ ಅದು ಜಗಳ." ಅವರು ಎರಡು ಹೆಜ್ಜೆ ಮುಂದೆ ಬಂದು, ಏನನ್ನೂ ಹಿಡಿಯಬಾರದೆಂದು ಡಾಕ್ಟರು ಹೇಳಿದ್ದ ಕೈಯಿಂದಲೇ ರಾಶಿಯ ಮೇಲಿನ ಒಂದು ಕೆಂಪನೆಯ ಹಣ್ಣನ್ನು ತೋರಿಸಿದರು. "ಅದು ಹಾಕಪ್ಪಾ. ಹೊಸಬಳು ಅಂತ ಸುಮ್ಮನಿದ್ದೀಯಾ?"

"ಈ ಕೊಸರು ಪೌಂಡಿನ ಲೆಕ್ಕದಲ್ಲೋ ಕಿಲೋ ಲೆಕ್ಕದಲ್ಲೋ?" ತರಕಾರಿಯವನು ಹಲ್ಲು ಕಿಸಿದ.

"ಮರ್ಯಾದೆಯ ಲೆಕ್ಕದಲ್ಲಿ ಹಾಕು."

ಅವನು ಒಂದು ಹಾಕಿದ. ಕಂಡಕ್ಟರಮ್ಮ ನೋಡುತ್ತಲೇ ನಿಂತಿದ್ದರು. ಅವನು ಇನ್ನೊಂದು ಹಾಕಿದ. ಸೊಸೆ ಕಟ್ಟಿದ್ದ ಚೀಲದ ಬಾಯಿ ಬಿಚ್ಚಿ ಹಿಡಿದುಕೊಂಡು, ಮೂರನೆಯದಕ್ಕೆ ತಾನೇ ಕೇಳಿದಳು.